ಏಳು ನಿಮಿಷದ ವಂದನಾರ್ಪಣೆ

ಮೊನ್ನೆ ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ದೀಪದ ಸರ ಹುಡುಕುವಾಗ ಗಿಟಾರಿನ ಹಳೆಯ ಕೇಬಲ್ ಕೈಗೆ ಸಿಕ್ಕಿತು. ಮೂಸಿ ನೋಡಿದೆ. ಹತ್ತು ವರ್ಷವಾದರೂ ಪುಳಿಯೋಗರೆಯ ವಾಸನೆ ಹೋಗಿಲ್ಲ. ಕೇಬಲ್ಲಿಗೂ ಪುಳಿಯೋಗರೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನಾನೊಮ್ಮೆ ರಾಕ್ ಬ್ಯಾಂಡಿನಲ್ಲಿದ್ದೆ. ನಗುವುದಾದರೆ ಈಗಲೇ ನಕ್ಕುಬಿಡಿ.

ಆಗ ನಾವು ನಾಲ್ವರು ಪೊಮೊನಾದಲ್ಲಿ ಎಂ.ಎಸ್. ಮಾಡುತ್ತಿದ್ದೆವು. ಹಾಡು ಬರೆಯುವವನೂ ಗಿಟಾರು ಹಿಡಿದು ಹಾಡುವವನೂ ಗದಗಿನ ಬಸು. ಇನ್ನಿಬ್ಬರದು ಡ್ರಮ್ಸ್ ಮತ್ತು ಇನ್ನೊಂದು ಗಿಟಾರು. ನನಗೆ ಬೇಸ್ ಗಿಟಾರ್ ಕೊಟ್ಟಿದ್ದರು. ಇರುವುದು ನಾಲ್ಕೇ ತಂತಿ, ಎಷ್ಟು ತಾನೇ ತಪ್ಪಿಯಾನು ಎಂಬ ಧೈರ್ಯದ ಮೇಲೆ.

ಸ್ಯಾನ್ ಡಿಯಾಗೋ ಪಕ್ಕದ ಪೊವೇಯ ಒಂದು ನೈಟ್ ಕ್ಲಬ್ಬು ಮೂರು ತಿಂಗಳ ಮಟ್ಟಿಗೆ ಪ್ರತಿ ಶುಕ್ರವಾರ ನಮಗೆ ವೇದಿಕೆ ಕೊಟ್ಟಿತು. ಸಂಜೆ ಆರರಿಂದ ಎಂಟು. ನೈಟ್ ಎಂಬುದು ಬೋರ್ಡಿನಲ್ಲಿ ಮಾತ್ರ. ಕಿಟಕಿಯಲ್ಲಿ ಢಾಳಾದ ಬಿಸಿಲು. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬೆವರಿ ಹೋದರೆ ಕೇಳುಗರು ಮೂವರು. ಅವರಲ್ಲೊಬ್ಬ ಚಪ್ಪಾಳೆ ತಟ್ಟಿದ್ದು ಟಿವಿಯ ಆಟಕ್ಕೆ ಎಂದು ಆಮೇಲೆ ಗೊತ್ತಾಯಿತು.

ನಾವು ಬಾರಿಸುತ್ತಿದ್ದುದೆಲ್ಲ ಇಂಗ್ಲಿಷ್ ಹಾಡು. ಬಸು ಮಾತ್ರ ಒಂದು ಕನ್ನಡ ಹಾಡು ಬರೆದು ಜೋಪಾನವಾಗಿ ಇಟ್ಟುಕೊಂಡಿದ್ದ. "ತಿಳಿಯೋ ಮಂದಿ ಒಮ್ಮೆ ಕೇಳಿದ್ರ ಸಾಕಲೇ," ಎನ್ನುತ್ತಿದ್ದ. ಅದಕ್ಕೇ ಕೊನೆಯ ಶುಕ್ರವಾರಕ್ಕೆ ನಾನು ಸ್ಯಾನ್ ಡಿಯಾಗೋದ ಕನ್ನಡ ಮನೆಗಳಿಗೆಲ್ಲ ಈಮೇಲ್ ಕಳಿಸಿದೆ. ಸಕುಟುಂಬ ಬನ್ನಿ ಎಂದು ಬರೆದದ್ದು ನನ್ನ ಬುದ್ಧಿವಂತಿಕೆ.

ನಲವತ್ತು ಜನ ಬಂದರು, ಮಕ್ಕಳು ಮರಿ ಸ್ಟೀಲ್ ಡಬ್ಬಿ ಸಮೇತ. ಅವರಲ್ಲಿ ಹಿರಿಯರಾದ, ಟೆಲಿಕಾಂ ಎಂಜಿನಿಯರ್ ಮೂರ್ತಿ ಅಂಕಲ್ ಮೈಕು ಹಿಡಿದು, "ಪ್ರಾರ್ಥನೆ ಇಲ್ದೆ ಹೇಗಪ್ಪಾ ಶುರು ಮಾಡೋದು?" ಎಂದರು. ಪ್ರಾರ್ಥನೆಯಾಯಿತು. ಕ್ಲಬ್ಬಿನ ಒಡತಿ ಡೆಬ್ಬಿ ಬೆಂಕಿ ಹಚ್ಚಲು ಬಿಡದ್ದರಿಂದ ಬ್ಯಾಟರಿ ದೀಪದ ಸ್ವಿಚ್ಚು ಒತ್ತಿ ಉದ್ಘಾಟನೆಯಾಯಿತು. ಸ್ವಾಗತ ಭಾಷಣವಾಯಿತು. ಡೆಬ್ಬಿಗೆ ಶಾಲು ಹೊದಿಸಿದರು. ಅದು ಯಾಕೆಂದು ಆಕೆಗೆ ಕೊನೆಗೂ ತಿಳಿಯಲಿಲ್ಲ. ಎಲ್ಲರೂ ಕುಡಿದದ್ದು ನೀರು, ಅದೂ ಐಸ್ ಬೇಡವೆಂದು ಹೇಳಿ. ಒಬ್ಬ ಆಂಟಿ ನನ್ನ ಆಂಪ್ಲಿಫೈಯರ್ ಮೇಲೆಯೇ ಡಬ್ಬಿ ಬಿಚ್ಚಿ, "ತಿನ್ನಪ್ಪಾ, ಸೊರಗಿ ಹೋಗಿದ್ದೀಯ," ಎಂದರು. ಎಣ್ಣೆ ಕೇಬಲ್ಲಿಗೆ ಇಳಿಯಿತು.

ಇದೆಲ್ಲದರ ಸಂದಿಯಲ್ಲಿ ಎರಡು ಮೂರು ಇಂಗ್ಲಿಷ್ ಹಾಡು ಮುಗಿಸಿದೆವು. ಎಂಟಕ್ಕೆ ಏಳು ನಿಮಿಷವಿರುವಾಗ ಬಸು ತನ್ನ ಹಾಡಿಗೆ ಗಂಟಲು ಸರಿಮಾಡಿಕೊಂಡ. ಅಂಕಲ್ ನನ್ನ ಕಿವಿಯಲ್ಲಿ, "ವಂದನಾರ್ಪಣೆ ಒಂದು ಮುಗಿಸಿಬಿಡಪ್ಪಾ, ಜನ ಎದ್ದು ಹೋಗ್ತಾರೆ," ಎಂದರು. ಮೈಕು ಸಿಕ್ಕ ಕನ್ನಡಿಗ ನಾನು. ಡೆಬ್ಬಿಗೆ, ಶಾಲು ತಂದವರಿಗೆ, ಪುಳಿಯೋಗರೆ ಕಲಸಿದವರಿಗೆ, ಬರಲಾಗದಿದ್ದರೂ ಮನಸ್ಸಿನಲ್ಲೇ ಹರಸಿದವರಿಗೆ ವಂದಿಸಿದೆ. ಎಂಟು ಹೊಡೆಯಿತು. ಡೆಬ್ಬಿ ಮೈಕು ಆಫ್ ಮಾಡಿದಳು.

ವಾಪಸ್ ಬರುವಾಗ ಕಾರಿನಲ್ಲಿ ಬಸು ಅರ್ಧ ದಾರಿಯ ಟೆಮೆಕ್ಯುಲಾ ದಾಟುವವರೆಗೂ ಹಾಡಿನ ಹಾಳೆಯನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದ. ಆಮೇಲೆ, "ಎಲ್ಲಾರಿಗೂ ಥ್ಯಾಂಕ್ಸ್ ಹೇಳಿದಿ. ನನ್ನ ಹೆಸರು ಬಿಟ್ಟಿ. ಅದು ಇರ್ಲಿ, ಹಾಡರ ಹಾಡಾಕ ಬಿಡಬೇಕಿತ್ತಲೇ," ಎಂದ. ಡೆಬ್ಬಿ ಮತ್ತೆ ಕರೆಯಲಿಲ್ಲ. ಪದವಿ ಮುಗಿದು ಬ್ಯಾಂಡು ಚದುರಿತು. ಬಸು ಅದೇ ಪೊವೇಯಲ್ಲಿ ಕೆಲಸಕ್ಕೆ ಸೇರಿ ಗಿಟಾರು ಮಾರಿದ. ನಾನು ಇಲ್ಲಿನ ಕನ್ನಡ ಕಾರ್ಯಕ್ರಮಗಳ ಖಾಯಂ ವಂದನಾರ್ಪಣೆಗಾರನಾದೆ. ನಾಚಿಕೆಯಾಗಬೇಕು, ಕೇಬಲ್ ಮೂಸಿದಾಗ ನಿಜಕ್ಕೂ ಆಯಿತು.

ಗ್ಯಾರೇಜಿನಿಂದಲೇ ಬಸುವಿಗೆ ಫೋನ್ ಮಾಡಿ, ಆ ಕನ್ನಡ ಹಾಡು ಹಾಡು ಎಂದೆ.

"ಯಾವ ಹಾಡಲೇ? ಎಲ್ಲಾ ಮರತೀನಿ."

ನಾನು ಬಾಯಲ್ಲೇ ನನ್ನ ಬೇಸ್ ಬಾರಿಸಿದೆ: ಡುಂ, ಡುಂ ಡುಂ.

"ಈಗೂ ತಪ್ಪೇ ಬಾರಸ್ತಿ," ಎಂದ. ಗಂಟಲು ಸರಿಮಾಡಿಕೊಂಡು, ಹಾಡತೊಡಗಿದ.

ಕೊನೆಯ ಬಸ್ಸು ತಪ್ಪಿಸಿಕೊಂಡು, ಸ್ಟ್ಯಾಂಡಿನಲ್ಲೇ ಕೂತವನ ಹಾಡು ಅದು. ಪ್ರಾಕ್ಟೀಸಿನಲ್ಲಿ ನೂರು ಸಲ ಜೊತೆಗೆ ಬಾರಿಸಿದ್ದೆ. ತಂತಿಯ ಮೇಲೆಯೇ ಕಣ್ಣಿಟ್ಟವನು ಮಾತುಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಈಗ ಫೋನಿನ ಸ್ಪೀಕರ್ ಹಾಕಿ ಒಂದೊಂದು ಮಾತನ್ನೂ ಕೇಳಿದೆ.

ಹಾಡು ಮುಗಿಯಿತು. ಅಭ್ಯಾಸಬಲದಿಂದ ವಂದಿಸಲು ಬಾಯಿ ತೆರೆದವನು ಮುಚ್ಚಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಮಗಳು, "ಹೂ ಈಸ್ ದಟ್, ಅಪ್ಪಾ?" ಎಂದಳು.

"ಬಸು ಅಂಕಲ್," ಎಂದೆ. ಅಂದು ಬಿಟ್ಟಿದ್ದು ಆ ಒಂದು ಹೆಸರು.