ಬರೀ ಚಮಚ

ನಮ್ಮ ಕೆಮಿಸ್ಟ್ರಿ ಮೇಡಂ ಮೂಗಿನ ಮೇಲೆ ಸದಾ ಒಂದು ಚುಕ್ಕೆ ಮಸಿ ಇರುತ್ತಿತ್ತು. ಮೊಳಕಾಲ್ಮೂರಿನ ನೇಕಾರರ ಮನೆಯವರು. ಗಂಡ ನೇಯ್ದ ರೇಷ್ಮೆ ಸೀರೆಯುಟ್ಟು ಬಸ್ಸಿನಲ್ಲಿ ಚಳ್ಳಕೆರೆಯ ನಮ್ಮ ಕಾಲೇಜಿಗೆ ಬರುವಾಗ ಮುಖ ಲಕ್ಷಣವಾಗಿಯೇ ಇರುತ್ತಿತ್ತು. ಲ್ಯಾಬಿಗೆ ಕಾಲಿಟ್ಟ ಮೇಲೆ ಈ ಅಲಂಕಾರ. ಚಮಚದ ಅಡಿಗೆ ಬೆರಳಾಡಿಸಿ ಮಸಿ ಹಿಡಿದಿದೆಯೇ ಎಂದು ನೋಡುವುದು, ಅದೇ ಬೆರಳಿನಿಂದ ಜಾರಿದ ಕನ್ನಡಕ ಮೇಲಕ್ಕೆ ತಳ್ಳುವುದು. ಹೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ದೃಷ್ಟಿಬೊಟ್ಟು ಎಂದುಕೊಂಡು ಸುಮ್ಮನಿದ್ದೆವು.

ಪಾಠ ಸರಳ: ಕೊಟ್ಟ ಆಲ್ಕೋಹಾಲ್ ಎರಡು ಜಾತಿಯಲ್ಲಿ ಯಾವುದೆಂದು ಹೇಳಬೇಕು. ಅದನ್ನು ಚಮಚದಲ್ಲಿ ಹಿಡಿದು ಸುಡಬೇಕು. ಮಸಿ ಕಾರಿದರೆ ಆರೊಮ್ಯಾಟಿಕ್, ತಣ್ಣಗೆ ನೀಲಿಯಾಗಿ ಉರಿದರೆ ಅಲಿಫ್ಯಾಟಿಕ್. ಆದರೆ ಅದಕ್ಕೂ ಮೊದಲು ಖಾಲಿ ಚಮಚವನ್ನು ಉರಿಗೆ ಹಿಡಿಯಬೇಕು ಎಂಬುದು ಅವರ ಹಟ. ಹಿಡಿಯದವನನ್ನು ಕಂಡರೆ ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬರುತ್ತಿದ್ದರು: "ಏಮಿರಾ ಇದಿ? ಮಸಿ ಅದ್ರದ್ದೋ ನಿಂದೋ, ಹೆಂಗೆ ಗೊತ್ತಾಗ್ತೈತೆ?" ನಮಗೋ, ಊಟಕ್ಕೆ ಮೊದಲು ಖಾಲಿ ತಟ್ಟೆ ನೆಕ್ಕಿದಂತೆ ಅನ್ನಿಸುತ್ತಿತ್ತು.

ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದ ನಾನು ಮತ್ತೆ ಪರೀಕ್ಷೆಗೆ ನಿಂತೆ. ಈ ಸಲವೂ ಹೋದರೆ ಡಿಗ್ರಿ ಇಲ್ಲ, ಪರಶುರಾಂಪುರದಲ್ಲಿ ಅಪ್ಪನ ಕುರಿಗಳೇ ಗತಿ. ನನಗೂ ಪಕ್ಕದವನಿಗೂ ಒಂದೇ ಬರ್ನರ್. ಅವನ ಆಲ್ಕೋಹಾಲ್ ಮಸಿ ಕಾರಿತು, ನನ್ನದೂ ಕಾರಿತು. ಖುಷಿಯಿಂದ ಆರೊಮ್ಯಾಟಿಕ್ ಎಂದು ಬರೆಯಲು ಪೆನ್ನು ತೆಗೆದೆ. ಹೊರಗಿನಿಂದ ಬಂದ ಪರೀಕ್ಷಕರ ಪಕ್ಕ ಮೇಡಂ ತುಟಿ ಬಿಗಿದು ನಿಂತಿದ್ದರು. ಅವತ್ತು ಅವರು ಮಾತಾಡುವಂತಿರಲಿಲ್ಲ. ಅವರ ಮೂಗಿನ ಮೇಲಿನ ಮಸಿ ಕಂಡಿತು. ಖಾಲಿ ಚಮಚ ಹಿಡಿದೇ ಇಲ್ಲವಲ್ಲ ಎಂದು ನೆನಪಾಗಿ ಪೆನ್ನು ಕೆಳಗಿಟ್ಟೆ.

ಚಮಚ ತೊಳೆದು ಖಾಲಿ ಹಿಡಿದೆ. ಅದೂ ಕಪ್ಪಾಯಿತು. ಬಗ್ಗಿ ನೋಡಿದರೆ ಬರ್ನರ್‌ನ ಗಾಳಿ ತೂತಿನಲ್ಲಿ ಕಣಜದ ಹುಳು ಮಣ್ಣಿನ ಮನೆ ಕಟ್ಟಿದೆ; ಗಾಳಿ ಸಿಗದೆ ಉರಿಯೇ ಮಸಿ ಕಾರುತ್ತಿದೆ. ಉರಿ ಆರಿಸಿ, ಮಣ್ಣು ಕೆರೆದು, ಮತ್ತೆ ಹಚ್ಚಿದೆ. ಈಗ ನನ್ನ ಆಲ್ಕೋಹಾಲ್ ಮಸಿಯಿಲ್ಲದೆ ನೀಲಿಯಾಗಿ ಉರಿಯಿತು. ಅಲಿಫ್ಯಾಟಿಕ್ ಎಂದು ಬರೆದು ಪಾಸಾದೆ.

ಪಕ್ಕದವನದು ನಿಜಕ್ಕೂ ಆರೊಮ್ಯಾಟಿಕ್ಕೇ ಆಗಿತ್ತಂತೆ. ಖಾಲಿ ಚಮಚ ಹಿಡಿಯದೆ ಅವನೂ ಪಾಸು. ಇದ್ಯಾವ ನ್ಯಾಯ ಎಂದು ಮೇಡಂ ಬಳಿ ಗೊಣಗಿದೆ.

"ಅವ್ನಿಗೆ ಅದೃಷ್ಟ ಐತೆ," ಎಂದರು. "ನಿಂಗೆ ಚಮಚ ಐತೆ, ಹೋಗು."

ಆ ಚಮಚ ಇವತ್ತಿಗೂ ನನ್ನನ್ನು ಕಾಯುತ್ತಿದೆ. ಹೆಂಡತಿಯ ಮೇಲೆ ಸಿಟ್ಟು ಬಂದಾಗ, ಮಸಿ ಅವಳದೋ ನನ್ನದೋ ಎಂದು ಮೊದಲು ನೋಡಿಕೊಳ್ಳುತ್ತೇನೆ. ಹೆಚ್ಚಾಗಿ ನನ್ನದೇ.

ಹೋದ ತಿಂಗಳು ಮೇಡಂ ತೀರಿಕೊಂಡರೆಂದು ಕೇಳಿ ಮೊಳಕಾಲ್ಮೂರಿಗೆ ಹೋದೆ. ಮಗ್ಗದ ಪಕ್ಕ ಫೋಟೋ ಇಟ್ಟಿದ್ದರು. ಸ್ಟುಡಿಯೋದವರು ಮುಖವನ್ನು ಬೆಳ್ಳಗೆ ತಿದ್ದಿ ಇನ್ಯಾರನ್ನೋ ಮಾಡಿಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ. ಮುಂದಿದ್ದ ದೀಪದ ಮಸಿಯನ್ನು ಬೆರಳಿಗೆ ತೆಗೆದುಕೊಂಡು ಗಾಜಿನ ಮೇಲೆ, ಮೂಗಿನ ಜಾಗಕ್ಕೆ, ಒಂದು ಚುಕ್ಕೆ ಇಟ್ಟೆ. ತಿರುಗಿದರೆ ಅವರ ಯಜಮಾನರು ನಿಂತಿದ್ದಾರೆ. ಗಾಬರಿಯಾಗಿ ಒರೆಸಲು ಹೋದೆ. ಅವರು ನನ್ನ ಕೈ ಹಿಡಿದರು.

"ಇರ್ಲಿ ಬಿಡಪ್ಪ," ಎಂದರು. "ದಿನಾ ಸಾಯಂಕಾಲ ಮನೆಗೆ ಬರ್ತಿದ್ದಿದ್ದು ಇವಳೇ."