ರಫೀಕ್ ಚಾಚಾ ಗಾಜು ಒಡೆಯಲಿಲ್ಲ

ದೋಸ್ತರೇ, ಇವತ್ತು ಹರಿಹರದ ನಮ್ಮ ಅಂಗಡಿಯಲ್ಲಿ ಒಳ್ಳೆಯ ಆರ್ಡರೊಂದು ಕೈತಪ್ಪುವುದರಲ್ಲಿತ್ತು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿ ಮಾಡಿ ಅಂಟಿಸಿದ ಕಿಟಕಿ ನಮ್ಮದು. ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ, ಚೂರು ಉದುರುವುದಿಲ್ಲ. ಆನಗೋಡು ಕಡೆಯ ಹೆಡ್‌ಮೇಡಂ ಬಂದಿದ್ದರು. ಅವರ ಶಾಲೆಯ ಕಿಟಕಿಗೆ ದಿನಾ ಕ್ರಿಕೆಟ್ ಚೆಂಡು.

"ಹೊಡದು ತೋರಿಸ್ರಿ" ಅಂದರು.

ಗಾಜು ಅಂಟಿಸುವ ನಮ್ಮ ರಫೀಕ್ ಚಾಚಾನ ಕೈಗೆ ಸುತ್ತಿಗೆ ಕೊಟ್ಟೆ. ಮೂವತ್ತು ವರ್ಷ ಗಾಜನ್ನು ಕೂಸಿನಂತೆ ಎತ್ತಿ ಇಳಿಸಿದ ಕೈ ಅದು. ಬೀಗರ ಮನೆ ಬಾಗಿಲು ಬಡಿದಂತೆ ಮೆಲ್ಲಗೆ ಎರಡು ಸಲ ತಟ್ಟಿದರು.

ಮೇಡಂ ನಕ್ಕರು. "ಗಾಜು ಗಟ್ಟಿ ಐತೋ, ನಿಮ್ಮ ಕೈ ಮೆತ್ತಗೈತೋ, ಹೆಂಗೆ ಗೊತ್ತಾಗ್ಬೇಕ್ರಿ?"

"ನನ್ನ ಕೈಲಿ ಆಗಲ್ರಿ ಮೇಡಂ" ಅಂದರು ಚಾಚಾ.

ಮೇಡಂ ಸುತ್ತಿಗೆ ಕಿತ್ತುಕೊಂಡು ಒಂದೇ ಏಟು ಹಾಕಿದರು. ಗಾಜಿನ ತುಂಬ ಜೇಡರ ಬಲೆಯಂಥ ಬಿರುಕು, ಆದರೆ ಒಂದು ಚೂರೂ ಉದುರಲಿಲ್ಲ. ಚಾಚಾ ಕಣ್ಣು ಮುಚ್ಚಿಕೊಂಡಿದ್ದರು.

ಆರ್ಡರ್ ಸಿಕ್ಕಿತು. ಶಾಲೆಯಲ್ಲಿ ತೋರಿಸಲು ಮೇಡಂ ಆ ಬಿರುಕು ಬಿಟ್ಟ ಗಾಜನ್ನೇ ಆಟೋದಲ್ಲಿ ಇಟ್ಟುಕೊಂಡು ಹೊರಟರು. ಚಾಚಾ ಆಟೋದ ಹಿಂದೆಯೇ ಓಡಿದರು.

"ಸಾವಕಾಶ ಹೋಗ್ರಿ, ಗಾಜೈತೆ! ಒಡದು ಗಿಡದು ಹೋದೀತು!"

ಇವರನ್ನು ಪಕ್ಕದಲ್ಲಿಟ್ಟುಕೊಂಡು ನಾನು ಗಟ್ಟಿ ಕಿಟಕಿ ಮಾರಬೇಕು.