ಹೊಸ ಗಾಡಿಯ ಎಡಸೀಟು

ಹೊಸ ಗಾಡಿ ಮನೆಗೆ ಬಂದ ದಿನ ನನಗೆ ಮೊದಲು ಅನ್ನಿಸಿದ್ದು, ಇದರಲ್ಲಿ ನನಗೆ ಮಾಡಲು ಕೆಲಸವೇ ಇಲ್ಲ ಎಂದು. ಹಳೆಯದೂ ಇದೇ ಕಂಪನಿಯದು, ಇದೇ ಹೆಸರಿನದು, ಮನೆಮಂದಿಯೆಲ್ಲ ಹಿಡಿಸುವ ದೊಡ್ಡ ಗಾಡಿ. ಮಗ ಅದನ್ನು ಕೊಟ್ಟು ಇದನ್ನು ತಂದ. "ಅದ ಗಾಡಿ ಅಪ್ಪಾ, ಮಾಡೆಲ್ ಅಷ್ಟ ಹೊಸಾದು" ಅಂದ.

ಅದೇ ಗಾಡಿ ಆಗುವುದು ಹೇಗೆ? ಹಳೆಯದು ನನ್ನನ್ನು ಬಿಟ್ಟು ಇನ್ನೊಬ್ಬರ ಮಾತು ಕೇಳುತ್ತಿರಲಿಲ್ಲ. ಕೀಲಿಯನ್ನು ಅರ್ಧ ತಿರುವಿ, ತುಸು ತಡೆದು, ಆಮೇಲೆ ಪೂರ್ತಿ ತಿರುವಬೇಕು. ನಡುವಿನ ಬಾಗಿಲ ಕೆಳಮೂಲೆಗೆ ಮೊಣಕಾಲಿನಿಂದ ಒಂದು ಕೊಟ್ಟರೇ ತೆರೆಯುವುದು. ಗೋಕಾಕದ ಗ್ಯಾರೇಜಿನವರೇ ಸೋತು ನನ್ನನ್ನು ಕರೆಸಿ ಸ್ಟಾರ್ಟ್ ಮಾಡಿಸಿಕೊಂಡಿದ್ದಾರೆ. ಸುಳ್ಳಲ್ಲ, ಅವರನ್ನೇ ಕೇಳಬಹುದು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲದ ದಾರಿಗಳಲ್ಲಿ ನಾನು ಗಾಡಿ ಹೊಡೆದಷ್ಟು ಬೇರೆ ಯಾರೂ ಹೊಡೆದಿಲ್ಲ. ಈ ಮಾತನ್ನು ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ಸುಸ್ತಾಗಿದ್ದಾರೆ. ಹೇಳಿ ಹೇಳಿ ನನಗೂ ಸುಸ್ತಾಗಿದೆ, ಆದರೆ ಬಿಟ್ಟಿಲ್ಲ.

ಹೊಸದಕ್ಕೆ ಒಂದು ಗುಂಡಿ. ಒತ್ತಿದರೆ ಆಯಿತು. ಸದ್ದೇ ಇಲ್ಲ, ಎಂಜಿನ್ ಎದ್ದಿದೆಯೋ ಮಲಗಿದೆಯೋ ತಿಳಿಯುವುದಿಲ್ಲ. ಕ್ಲಚ್ ಇಲ್ಲ, ಗೇರ್ ಹಾಕುವ ಗೋಜಿಲ್ಲ. ಎದುರಿಗೆ ಟೀವಿಯಷ್ಟು ದೊಡ್ಡ ಪರದೆ. ಸೀಟಿನ ಒಳಗಿಂದ ತಣ್ಣನೆ ಗಾಳಿ ಬರುತ್ತದೆ. ಒಂದು ಸಂಜೆ ಮಗ ಪಕ್ಕದಲ್ಲಿ ಕೂತು ಒಂದೊಂದನ್ನೇ ಹೇಳಿಕೊಟ್ಟ. ನಾನು ಹೂಂ ಹೂಂ ಅಂದೆ. ಮನಸ್ಸು ಮಾತ್ರ ಎಲ್ಲಿಯಾದರೂ ಅಡ್ಡಾಗುವುದು ಯಾವಾಗ ಎಂದು ನೋಡುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಗೊತ್ತಿರುವುದನ್ನೇ ಮತ್ತೆ ಹೊಸದಾಗಿ ಕಲಿಯುವುದಿದೆಯಲ್ಲ, ಅದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಪಾಠ ಮುಗಿದ ಮೇಲೆ ಮಗ ಮೆಲ್ಲಗೆ ವಿಷಯಕ್ಕೆ ಬಂದ. "ಅಪ್ಪಾ, ಇನ್ನ ಮ್ಯಾಲ ದೂರದ ಹಾದಿಗಿ ನಿಮ್ಮ ಸೊಸಿ ಹೊಡೀತಾಳ. ನೀವು ಆರಾಮ ಕುಂಡರ್ರಿ."

ಸೊಸೆ ಹೈಸ್ಕೂಲ್ ಟೀಚರ್. ತನ್ನ ಸಣ್ಣ ಕಾರಿನಲ್ಲಿ ದಿನಾ ಶಾಲೆಗೆ ಹೋಗಿಬರುತ್ತಾಳೆ, ಚೆನ್ನಾಗಿಯೇ ಹೊಡೆಯುತ್ತಾಳೆ. ಆದರೂ ನನಗೆ ಉರಿಯಿತು.

"ನಿಮ್ಮವ್ವನ್ನ ಹುಕ್ಕೇರಿಗಿ ಯಾರ ಕರಕೊಂಡ ಹೋಗ್ತಾರ?" ಅಂದೆ.

"ನಿಮ್ಮ ಸೊಸಿನ ಕರಕೊಂಡ ಹೋಗ್ತಾಳ."

"ಆಗಂಗಿಲ್ಲ. ಹುಕ್ಕೇರಿಗಿ ಈ ಗಾಡಿ ನಾನ ಒಯ್ತೇನಿ. ನೆಟ್ಟಗ ಹೋಗಿ ನೆಟ್ಟಗ ಬಂದ್ನೆಪಾ ಅಂದ್ರ, ನೀ ಈ ಮಾತ ಮತ್ತ ಎತ್ತಬಾರ್ದು."

"ಬರಲಿಲ್ಲಂದ್ರ?"

"ಕೀಲಿ ಅಕಿ ಕೈಯಾಗ ಕೊಡ್ತೇನಿ."

ನನ್ನ ಹೆಂಡತಿಯ ತವರು ಹುಕ್ಕೇರಿ. ಮದುವೆಯಾದಾಗಿನಿಂದ ಆ ದಾರಿಯಲ್ಲಿ ಅವಳು ಇನ್ನೊಬ್ಬರು ಹೊಡೆದ ಗಾಡಿಯಲ್ಲಿ ಕೂತವಳಲ್ಲ. ಸ್ಟೇರಿಂಗಿನ ಹಿಂದೆ ನಾನು, ಎಡಸೀಟಿನಲ್ಲಿ ಅವಳು. ಗಾಡಿಗಳು ಬದಲಾದವು, ಕೂರುವ ಜಾಗ ಬದಲಾಗಲಿಲ್ಲ.

ಹುಕ್ಕೇರಿಗಿಂತ ಮೊದಲು ಮೂಡಲಗಿಗೆ ಹೋಗುವುದಿತ್ತು. ಅಲ್ಲಿ ನಮ್ಮ ಬೀಗರು, ಅಂದರೆ ಸೊಸೆಯ ತಂದೆ, ಬೆಲ್ಲದ ವ್ಯಾಪಾರ ಮಾಡುತ್ತಾರೆ. ಹೊಸ ಗಾಡಿಯನ್ನು ಅವರಿಗೆ ತೋರಿಸದಿದ್ದರೆ ತಂದು ಏನು ಉಪಯೋಗ? ಹೆಂಡತಿ, ಸೊಸೆಯನ್ನು ಕೂರಿಸಿಕೊಂಡು ಹೋಗಿ ಅವರ ಅಂಗಡಿಯ ಮುಂದೆ ನಿಲ್ಲಿಸಿದೆ. ಬೀಗರು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಹಿಂದಿನ ದೊಡ್ಡ ಬಾಗಿಲು ಕೀಲಿಯ ಮೇಲಿನ ಸಣ್ಣ ಗುಂಡಿ ಒತ್ತಿದರೆ ತಾನಾಗಿ ಏಳುತ್ತದೆ. ಮಗ ಕಲಿಸಿದ್ದರಲ್ಲಿ ನನಗೆ ಪೂರ್ತಿ ನೆನಪುಳಿದದ್ದು ಅದೊಂದೇ. ಕೀಲಿ ಅಂಗಿಯ ಕಿಸೆಯಲ್ಲಿತ್ತು, ಕೈ ಕೀಲಿಯ ಮೇಲಿತ್ತು.

"ಬೀಗರ, ಕೈ ಹಚ್ಚಬ್ಯಾಡ್ರಿ. ಇದು ಮಾತ ಕೇಳ್ತೈತಿ" ಅಂದೆ.

"ಗಾಡಿ ಮಾತ ಕೇಳ್ತೈತಿ?"

"ಪ್ರೀತಿಲೆ ಹೇಳಬೇಕ್ರಿ." ಬಾಗಿಲ ಕಡೆ ತಿರುಗಿ, "ತಗಿಯವ್ವಾ" ಅಂದೆ. ಬಾಗಿಲು ನಿಧಾನವಾಗಿ ಮೇಲೆದ್ದಿತು. ಬೆಲ್ಲದ ಪೆಂಟೆ ಹೊರುತ್ತಿದ್ದ ಹಮಾಲರು ಹೊತ್ತುಕೊಂಡೇ ನಿಂತರು.

ಬೀಗರಿಗೂ ಹುಮ್ಮಸ್ಸು ಬಂತು. "ಮುಚ್ಚವ್ವಾ" ಅಂದರು. ಬಾಗಿಲು ಅಲುಗಲಿಲ್ಲ.

"ನಿಮ್ಮ ದನಿ ಅದಕ್ಕ ಹೊಸಾದ್ರಿ. ತುಸು ಮೆತ್ತಗ."

"ಮುಚ್ಚು ನಮ್ಮವ್ವಾ" ಅಂದರು ಬೀಗರು. ಮಗಳನ್ನು ನಮ್ಮ ಮನೆಗೆ ಕಳಿಸುವ ದಿನ ಮಾತಾಡಿದ ದನಿಯಲ್ಲಿ ಅಂದರು. ಪಾಪ ಅನ್ನಿಸಿ ಗುಂಡಿ ಒತ್ತಿದೆ. ಸೊಸೆ ಗಾಡಿಯ ಆ ಬದಿಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಆ ಚೇಷ್ಟೆ ನನಗೇ ಸುತ್ತಿಕೊಂಡಿತು. ಮಾತು ಕೇಳುವ ಗಾಡಿಗೆ ಬರೀ ಕಾಯಿ ಒಡೆದರೆ ಹೇಗೆ ಎಂದು ಬೀಗರು ಪೇಟೆಗೆ ಆಳು ಕಳಿಸಿ ಚೆಂಡುಹೂವಿನ ಮಾಲೆ ತರಿಸಿದರು. ಅದು ನನ್ನ ತೋಳಿನಷ್ಟು ದಪ್ಪ. ಮುಂದಿನ ಬಂಪರಿಗೆ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ಸುತ್ತಿ ಸುತಳಿಯಿಂದ ಬಿಗಿದರು. ಬಾನೆಟ್ಟಿಗೆ ವಿಭೂತಿ ಹಚ್ಚಿದರು, ಗಾಲಿಗಳಡಿ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟಾಗ ಗಾಡಿ ಒಳಗಿಂದ ಕೀಂ ಕೀಂ ಎಂದು ಕೂಗತೊಡಗಿತು.

"ಮಾವಾರ, ಬಂಪರ್‌ನ್ಯಾಗ ಸೆನ್ಸರ್ ಅದಾವ" ಎಂದಳು ಸೊಸೆ. "ಮಾಲಿ ಅಡ್ಡ ಬಂದದ್ದಕ್ಕ, ಮುಂದ ಯಾರೋ ನಿಂತಾರ ಅಂತ ತಿಳಕೊಂಡೈತಿ. ಮಾಲಿ ತಗದ್ರ ಸುಮ್ನಾಗ್ತೈತಿ."

"ಪೂಜಿ ಮಾಡಿದ ಮಾಲಿಗಿ ಕೈ ಹಚ್ಚಬ್ಯಾಡವಾ" ಎಂದಳು ನನ್ನ ಹೆಂಡತಿ. "ಅದೂ ನಿಮ್ಮಪ್ಪ ಕಟ್ಟಿದ್ದು. ಬಾಡಿ ಒಣಗ್ಲಿ, ಅಮಾಸಿಗಿ ತಗೀಯೂಣು."

ನಮ್ಮ ಕಡೆ ಗಾಡಿಗೆ ಅಮಾವಾಸ್ಯೆ ಅಮಾವಾಸ್ಯೆಗೆ ಪೂಜೆ. ಅಲ್ಲಿಯವರೆಗೆ ಹಳೆಯ ಮಾಲೆ ಹಾಗೇ ಇರಬೇಕು, ನಡುವೆ ಹರಿಯಬಾರದು. ವೇಗ ಹಿಡಿದರೆ ಕೂಗು ನಿಲ್ಲುತ್ತಿತ್ತು, ನಿಧಾನ ಮಾಡಿದರೆ ಮತ್ತೆ ಶುರು. ಅದನ್ನು ಸುಮ್ಮನಾಗಿಸುವ ಗುಂಡಿಯೂ ಇತ್ತು. ಒತ್ತಿದರೆ ಒಂದು ಗಳಿಗೆ ಬಾಯಿ ಮುಚ್ಚಿ, ರಸ್ತೆಯ ಮುಂದಿನ ಹಂಪ್ ಹತ್ತಿರ ಮತ್ತೆ ತೆರೆಯುತ್ತಿತ್ತು. "ಭಜನಿ ಮಾಡಾಕತ್ತೈತಿ, ಮಾಡ್ಲಿ ಬಿಡ್ರಿ" ಎಂದು ಎಲ್ಲರನ್ನೂ ನಗಿಸಿದೆ. ಗೋಕಾಕ ಮುಟ್ಟುವ ಹೊತ್ತಿಗೆ ನಗುವವರು ಯಾರೂ ಇರಲಿಲ್ಲ.

ಆ ರವಿವಾರ ಹುಕ್ಕೇರಿಗೆ ಹೊರಟೆವು. ಮಗನಿಗೆ ಅಂಗಡಿ. ಸೊಸೆ ನಡುವಿನ ಸೀಟಿನಲ್ಲಿ, ಹೆಂಡತಿ ಎಂದಿನಂತೆ ಎಡಸೀಟಿನಲ್ಲಿ. ಅವಳ ತೊಡೆಯ ಮೇಲೆ ಬದನೆಕಾಯಿ ಎಣ್ಣಗಾಯಿಯ ಸ್ಟೀಲ್ ಡಬ್ಬಿ. ಹುಕ್ಕೇರಿಯಲ್ಲಿರುವ ಅವಳ ಅಕ್ಕನಿಗೆ ಹಲ್ಲಿಲ್ಲ, ತಂಗಿ ಮಾಡಿದ ಎಣ್ಣಗಾಯಿ ಬಾಯಲ್ಲಿಟ್ಟರೆ ತಾನೇ ಕರಗುತ್ತದೆ. ಹಿಂದೆ ಇಡು ಎಂದರೆ ಕೇಳಲಿಲ್ಲ.

ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಹೋಗುತ್ತಿದ್ದವು. ಅವುಗಳ ಹಿಂದೆ ನಾವು ತೆವಳುತ್ತಿದ್ದೆವು, ತೆವಳಿದಾಗಲೆಲ್ಲ ಗಾಡಿ ಕೂಗುತ್ತಿತ್ತು. ಎಡಗಾಲಿಗೆ ಕೆಲಸವಿಲ್ಲ, ಆದರೂ ಅದು ಸುಮ್ಮನೆ ಕೂರಲೊಲ್ಲದು, ಇಲ್ಲದ ಕ್ಲಚ್ಚನ್ನು ಹುಡುಕುತ್ತಲೇ ಇತ್ತು. ಘಟಪ್ರಭಾ ದಾಟುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಇಳಿದು ಒಂದು ಚಹಾ ಕುಡಿಯೋಣ ಅನ್ನಿಸಿತು. ಇಳಿದರೆ ದಣಿದನೆಂದು ಸೊಸೆಗೆ ಗೊತ್ತಾಗುತ್ತದಲ್ಲ, ಇಳಿಯಲಿಲ್ಲ.

ನನ್ನ ಹೆಂಡತಿಗೆ ಗಾಡಿಯಲ್ಲಿ ಕೂತರೆ ಬಾಯಿ ನಿಲ್ಲುವುದಿಲ್ಲ. ಮನೆಯಲ್ಲಿ ಮಾತು ಕಡಿಮೆ, ಗಾಡಿಯಲ್ಲಿ ಹೆಚ್ಚು. ಕೆಲವು ವರ್ಷಗಳಿಂದ ಇದು ಹೀಗೇ. "ಆ ಎಮ್ಮಿ ನೋಡ್ರಿ, ಎಷ್ಟ ಚಂದ ಐತಿ." "ಸೈಕಲ್ ಮ್ಯಾಲಿನ ಹುಡುಗಿ ನಮ್ಮ ಓಣಿ ಹುಡುಗಿ ಕಂಡಂಗ ಕಾಣ್ತೈತಲ್ರಿ." "ಇಲ್ಲೆ ಮೊದಲ ಹಂಪ್ ಇರಲಿಲ್ಲಲಾ." ನಾನು ಪ್ರತಿ ಸಲ ಒಂದೇ ಉತ್ತರ ಕೊಡುತ್ತೇನೆ: "ಸಂತಿಗಿ ಹೊಂಟಿಯೇನ, ಎಮ್ಮಿ ಕೊಳ್ಳಾಕ?"

ಆವತ್ತು ಒಂದು ಊರಿನ ಅಗಸಿ ಬಾಗಿಲ ಹತ್ತಿರ ಟ್ರ್ಯಾಕ್ಟರ್ ಬದಿಗೆ ಸರಿಯಿತು. ನಾನು ಮುಂದೆ ನುಗ್ಗಿದೆ. ಗಾಡಿ ಇನ್ನೂ ಕೂಗುತ್ತಿತ್ತು. ಆ ಕೂಗಿನ ನಡುವೆ ಅವಳೇನೋ ಅಂದಳು.

"ಏನಂದಿ?"

ಮತ್ತೆ ಅಂದಳು. ಮತ್ತೆ ಕೇಳಿಸಲಿಲ್ಲ. ಅಷ್ಟರಲ್ಲಿ ಎಡಗಡೆಯಿಂದ ಒಂದು ಜೋಡಿ ಕೊಂಬು ಗಾಜಿನ ತುಂಬ ಬಂತು. ಬಲಗಾಲು ಬ್ರೇಕಿಗೆ ಹೋಯಿತು. ಅಷ್ಟು ವರ್ಷ ಅದರ ಜೊತೆಗೇ ದುಡಿದ ಎಡಗಾಲು ಕ್ಲಚ್ ಒತ್ತಲು ಹೋಗಿ ಅದೇ ಅಗಲವಾದ ಬ್ರೇಕಿನ ಮೇಲೆ ಬಿತ್ತು. ಎರಡೂ ಕಾಲಿನ ಭಾರಕ್ಕೆ ಗಾಡಿ ಮೊಳೆ ಹೊಡೆದಂತೆ ನಿಂತಿತು. ಡಬ್ಬಿ ನಿಲ್ಲಲಿಲ್ಲ. ಪರದೆಯ ಮೇಲೆ ಎಣ್ಣೆ, ಬಿಳಿ ಸೀಟಿನ ಮೇಲೆ ಗುರೆಳ್ಳಿನ ಮಸಾಲೆ, ಅವಳ ಸೀರೆಯ ಮೇಲೆ ಬದನೆಕಾಯಿ. ಎಮ್ಮೆ ನಿಂತು ನನ್ನ ಮುಖ ನೋಡಿ, ಆಮೇಲೆ ರಸ್ತೆ ದಾಟಿತು.

ಹಿಂದಿನಿಂದ ಬೈಕಿನವನೊಬ್ಬ ಕಿಟಕಿಯ ಹತ್ತಿರ ಬಂದ. "ಏ ಯಜಮಾನಾ, ನಿದ್ದಿ ಮಾಡಾಕತ್ತಿಯೇನ?"

ಅವನು ಹೋದ ಮೇಲೆ ಹೆಂಡತಿಗೆ ಹೇಳಿದೆ: "ನೋಡಿದೇನ ಗಾಡಿ ಚುರುಕ? ಎಮ್ಮಿ ಕಂಡಕೂಡ್ಲೆ ತಾನ ಬ್ರೇಕ್ ಹಾಕ್ತು."

"ಗಾಡಿ ಹಾಕಿಲ್ಲ" ಎಂದಳು. "ನಿಮ್ಮ ಎರಡೂ ಕಾಲು ನಾ ನೋಡೇನಿ."

ಸೊಸೆ ಇಳಿದು ಮುಂದೆ ಬಂದಳು. ಟವೆಲ್ಲಿನಿಂದ ಮೊದಲು ಅತ್ತೆಯ ಸೀರೆ ಒರೆಸಿದಳು, ಆಮೇಲೆ ಸೀಟು, ಆಮೇಲೆ ಪರದೆ. ಕೀಲಿ ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಹುಕ್ಕೇರಿಯಲ್ಲಿ ಹೆಂಡತಿಯ ಅಕ್ಕ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಗಾಡಿ ಬಾಗಿಲಿಗೆ ಬಂದು ನಿಲ್ಲುವವರೆಗೂ ಕೂಗುತ್ತಲೇ ಇತ್ತು.

"ಏನಪಾ, ಹೊಸ ಗಾಡಿ ಅಳಕೋತ ಬಂದೈತಿ" ಅಂದರು.

"ತವರಮನಿಗಿ ಬಂದೈತಿ ಅಲ್ರಿ ಅಕ್ಕಾರ, ಅಳ್ತೈತಿ" ಅಂದೆ. ನನಗೇ ನಗು ಬರಲಿಲ್ಲ.

ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದೆ. ಸುಳ್ಳು ಗೊರಕೆ ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾನು ಮಲಗಿದೆನೆಂದು ತಿಳಿದು ನೆಂಟರು ನನ್ನ ಬಗ್ಗೆ ಏನೇನು ಆಡಿಕೊಳ್ಳುತ್ತಾರೆ ಎಂದು ಕೇಳಿ, ಆಮೇಲೆ ಅವರೆದುರೇ ಅದನ್ನು ಹೇಳಿ ಕಾಡಿಸುವುದು ನನ್ನ ಹಳೆಯ ಆಟ. ಆವತ್ತೂ ಗೊರಕೆ ಶುರು ಮಾಡಿದೆ. ಒಳಗೆ ಅಕ್ಕ ತಂಗಿ ಮಾತಾಡುತ್ತಿದ್ದರು.

"ಯಾಕ ತಂಗಿ, ಮಾರಿ ಹಿಂಗ ಸೊರಗೈತಿ?"

"ಹಾದಿ ನೋಡಿ ನೋಡಿ ಸಾಕಾತು ಅಕ್ಕಾ."

"ಗಾಡಿ ಹೊಡ್ಯಾಂವ ಅಂವ. ಹಾದಿ ನೋಡಾಕಿ ನೀನ?"

"ಅವರಿಗಿ ಎಡಗಣ್ಣ ಮಂಜ ಆಗೈತಿ. ಎಡಕಿನಿಂದ ಬಂದದ್ದ ಕಾಣಂಗಿಲ್ಲ. ನೆಟ್ಟಗ ಹೇಳಿದ್ರ ಸಿಟ್ಟ ಬರ್ತೈತಿ, ಹಟಕ್ಕ ಬಿದ್ದ ಇನ್ನಷ್ಟ ಜೋರ ಹೊಡೀತಾರ. ಅದಕ್ಕ ಏನರೆ ಮಾತಾಡಿದಂಗ ಮಾಡ್ತೇನಿ. ಎಮ್ಮಿ ಚಂದ ಐತಿ ಅಂತೇನಿ, ಆ ಹುಡುಗಿ ಯಾರ ಅಂತೇನಿ. ಅವರು ಅತ್ತಾಗ ನೋಡ್ತಾರ, ಬ್ರೇಕ್ ಹಾಕ್ತಾರ. ಎಷ್ಟ ವರ್ಷಾತು, ಗಾಡ್ಯಾಗ ಕುಂತ ಒಂದ ಸಲ ಕಣ್ಣ ಮುಚ್ಚಿಲ್ಲ."

"ನಿನಗರೆ ಎಮ್ಮಿ ಸೇರ್ತಾವೇನ?"

"ಎಲ್ಲೀದಕ್ಕಾ. ಅದರ ವಾಸನಿ ಸುದ್ದಾ ಆಗಂಗಿಲ್ಲ ನನಗ."

ಇಬ್ಬರೂ ನಕ್ಕರು. ನನ್ನ ಗೊರಕೆ ಎಲ್ಲಿ ತಪ್ಪಿತೋ ಗೊತ್ತಿಲ್ಲ, ಮತ್ತೆ ಹಿಡಿಯಲಾಗಲಿಲ್ಲ. ಇದನ್ನು ಯಾರೆದುರು ಹೇಳಿ ಕಾಡಿಸಲಿ? ಮೂರು ತಾಲೂಕಿಗೇ ದೊಡ್ಡ ಚೇಷ್ಟೆಗಾರ ನಾನೆಂದುಕೊಂಡಿದ್ದೆ. ಇವಳು ನನ್ನ ಬಗಲಲ್ಲೇ ಕೂತು ಎಮ್ಮೆ ತೋರಿಸುತ್ತ, ನನಗೆ ಸುಳಿವೇ ಕೊಡದೆ ನನ್ನನ್ನು ಮನೆ ಮುಟ್ಟಿಸುತ್ತಿದ್ದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮೈಯ ಯಾವ ಭಾಗ ನೋಯುತ್ತಿಲ್ಲ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

ಹೊರಡುವಾಗ ಅಕ್ಕ ಕೋಲೂರಿಕೊಂಡು ಗಾಡಿಯ ಮುಂದೆ ಬಂದರು. ಮಾಲೆಯನ್ನು ಕೋಲಿನ ತುದಿಯಿಂದ ಮುಟ್ಟಿ ನೋಡಿದರು. "ಹೂ ಬಾಡೇತಿ, ಇನ್ನ ಇದಕ್ಕ ಅಮಾಸಿ ಬೇಕಾಗಿಲ್ಲ. ಹಾದ್ಯಾಗ ಕಾಲುವ್ಯಾಗ ಬಿಟ್ಟ ಹೋಗ್ರಿ. ನಾ ಹೇಳೇನಿ ಅಂತ ಬೀಗರಿಗಿ ಹೇಳ್ರಿ." ಮನೆತನದಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಹೆಂಡತಿ ಎದುರಾಡಲಿಲ್ಲ.

ನಾನು ಸೊಸೆಯನ್ನು ಕರೆದು ಕೀಲಿ ಮುಂದೆ ಹಿಡಿದೆ. "ತಗೋವಾ. ಹೊಡ್ಯಾಕ ಬರ್ತೈತೋ ಇಲ್ಲೋ, ಇವತ್ತ ನಿನ್ನ ಪರೀಕ್ಷಾ ಮಾಡ್ತೇನಿ."

ಅವಳು ಕೀಲಿ ನೋಡಿದಳು, ನನ್ನ ಮುಖ ನೋಡಿದಳು. "ನಾಪಾಸ್ ಮಾಡಬ್ಯಾಡ್ರಿ ಮಾವಾರ" ಅಂದಳು, ಅಷ್ಟೇ.

ಹೆಂಡತಿ ಅಭ್ಯಾಸದಂತೆ ಮುಂದಿನ ಎಡಬಾಗಿಲಿಗೆ ಕೈ ಹಾಕಿದ್ದಳು. "ಅಲ್ಲೆ ಯಾಕ?" ಅಂದೆ. "ಹಿಂದ ಬಾ. ಮುಂದ ಬರೇ ಎಣ್ಣಿ ಆಗೈತಿ." ಅವಳು ನನ್ನನ್ನೊಮ್ಮೆ ನೋಡಿ, ಬಂದು ನಡುವಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು.

ಹಿಡಕಲ್ ಡ್ಯಾಮಿನ ಕಾಲುವೆ ರಸ್ತೆಗೆ ಅಡ್ಡ ಬರುವಲ್ಲಿ ಸೊಸೆ ಗಾಡಿ ನಿಲ್ಲಿಸಿದಳು. ಸುತಳಿ ಬಿಚ್ಚಲು ನನ್ನ ಬೆರಳು ಸಾಲದೆ ಅವಳೇ ಬಿಚ್ಚಿದಳು. ಮಾಲೆ ನೀರಿನ ಮೇಲೆ ಉದ್ದಕ್ಕೆ ಬಿಡಿಸಿಕೊಂಡು ಗೋಕಾಕದ ಕಡೆ ನಮಗಿಂತ ಮುಂದೆ ಹೊರಟಿತು. ಮತ್ತೆ ಹೊರಟಾಗ ಗಾಡಿಯಲ್ಲಿ ಸದ್ದೇ ಇಲ್ಲ. ಈ ಗಾಡಿ ಇಷ್ಟು ಸುಖವಾಗಿ ಹೋಗುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಸೀಟು ಮೆತ್ತಗಿತ್ತು, ಕಾಲು ಚಾಚಲು ಜಾಗವಿತ್ತು. ಎಡಗಾಲು ಅಂತೂ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿಯ ತಲೆ ನನ್ನ ಭುಜಕ್ಕೆ ಬಂತು. ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ನೋಡುವುದಾದರೂ ಹೇಗೆ, ನನ್ನ ಎಡಕ್ಕೆ ಕೂತವಳು. ಈಗ ಬಲಕ್ಕಿದ್ದಳು. ನನ್ನ ಭುಜ ಮೊದಲೇ ನೋಯುತ್ತಿತ್ತು, ಅಲುಗಿಸಲಿಲ್ಲ.

ಮುಂದೆ ದೂರದಲ್ಲಿ, ಕಬ್ಬಿನ ಗದ್ದೆಯ ಅಂಚಿನಿಂದ ಎಮ್ಮೆಗಳು ರಸ್ತೆಗೆ ಇಳಿಯುತ್ತಿದ್ದವು. ಸೊಸೆ ಆಗಲೇ ವೇಗ ಕಡಿಮೆ ಮಾಡಿದ್ದಳು. ಆದರೂ ಬಾಯಿ ತಡೆಯಲಿಲ್ಲ.

"ಆ ಎಮ್ಮಿ ನೋಡ್ವಾ" ಅಂದೆ, "ಎಷ್ಟ ಚಂದ ಐತಿ."

"ನೋಡೇನ್ರಿ ಮಾವಾರ."

ಭುಜದ ಮೇಲಿಂದ, ಮುಚ್ಚಿದ ಕಣ್ಣು ತೆರೆಯದೆ, ಹೆಂಡತಿ ಕೇಳಿದಳು: "ಸಂತಿಗಿ ಹೊಂಟೀರೇನ್ರಿ, ಎಮ್ಮಿ ಕೊಳ್ಳಾಕ?"